ಸ್ವಿಫ್ಟ್ ಪೆಟ್ರೋಲ್‌ಗೆ ಕಡಿಮೆ ಖರ್ಚಿನ ಏರ್ ಇಂಟೇಕ್: ಕೊಳ್ಳೋದಾ, ಇಲ್ಲೇ ಮಾಡಿಸೋದಾ?

ಮೂಡಿಗೆರೆ_ಸ್ವಿಫ್ಟ್
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್, 1.2 ಪೆಟ್ರೋಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಇಂಜಿನ್ ಗಟ್ಟಿಯಾಗಿದೆ, ಆಯಿಲ್ ಕುಡಿಯಲ್ಲ. ಚಿಕ್ಕಮಗಳೂರಿಗೆ ದಿನವೂ ಓಡಾಟ, ಆಗಾಗ ಚಾರ್ಮಾಡಿ ಇಳಿದು ಉಜಿರೆ ಕಡೆ ಹೋಗಿ ಬರುತ್ತೇನೆ. ಬೇಜಾರು ಒಂದೇ. ನಾಲ್ಕು ಜನ ಕೂತು ಕೊಟ್ಟಿಗೆಹಾರಕ್ಕೆ ಹತ್ತುವಾಗ ಗಾಡಿ ಎಳೆಯೋದೇ ಇಲ್ಲ. ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುಲುಕುತ್ತದೆ.

ಏರ್ ಇಂಟೇಕ್, ಅಂದರೆ ಇಂಜಿನ್‌ಗೆ ಗಾಳಿ ತರುವ ಫಿಲ್ಟರ್ ಮತ್ತು ಪೈಪು, ಬದಲಾಯಿಸಿದರೆ ಪಿಕಪ್ ಬರುತ್ತದೆ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಕೈಯಲ್ಲಿ ಆರು ಸಾವಿರ ಇದೆ. ಮೂರು ದಾರಿ ಕಾಣುತ್ತಿದೆ. ಕೆ ಅಂಡ್ ಎನ್ ತರಹದ ತೊಳೆಯುವ ಪ್ಯಾನೆಲ್ ಫಿಲ್ಟರ್ ತಗೊಂಡು, ಗಾಡಿ ಜೊತೆ ಬಂದ ಕಂಪನಿ ಫಿಲ್ಟರ್ ಬಾಕ್ಸ್‌ಗೇ ಹಾಕೋದು. ಆ ಬಾಕ್ಸ್ ತೆಗೆದು ಹಾಕುವ, ಶಂಕುವಿನ ಆಕಾರದ ಕೋನ್ ಫಿಲ್ಟರ್ ಕಿಟ್ ಆನ್‌ಲೈನ್‌ನಲ್ಲಿ ತರಿಸೋದು. ಇಲ್ಲಾ ಹಾಸನದಲ್ಲಿ ಪೈಪ್ ಬೆಂಡ್ ಮಾಡಿಸಿ ನಾವೇ ಕಟ್ಟಿಸೋದು. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಕೈಮರ_ತಿರುವು
ಕೋನ್ ಹಾಕಿಸಿ ಗುರು. ನನ್ನ ಗಾಡಿಗೆ ಕಿಟ್ ಹಾಕಿಸಿದ್ದೇನೆ, ಕಂಪನಿ ಬಾಕ್ಸ್ ತೆಗೆದು ಅಟ್ಟಕ್ಕೆ ಇಟ್ಟಿದ್ದೇನೆ. 4000 ಆರ್‌ಪಿಎಂ ದಾಟಿದ ಮೇಲೆ ಬರುವ ಆ ಗಾಳಿ ಎಳೆಯುವ ಸದ್ದು ಇದೆಯಲ್ಲ, ಅದಕ್ಕೇ ದುಡ್ಡು ಸಾರ್ಥಕ. ಗಾಡಿ ಹಗುರ ಆದ ಹಾಗಿದೆ. ಮುಳ್ಳಯ್ಯನಗಿರಿಗೆ ಹತ್ತುವಾಗ ಚೆಕ್‌ಪೋಸ್ಟ್‌ನಿಂದ ಮೇಲೆ ಎರಡನೇ ಗೇರ್‌ನಲ್ಲಿ ಏನು ಖುಷಿ ಕೊಡುತ್ತದೆ ಅಂದರೆ ಹೇಳೋಕಾಗಲ್ಲ.

ಬಿಎಂ_ರಸ್ತೆ_ಮೆಕ್ಯಾನಿಕ್
ಸದ್ದಿನ ವಿಷಯ ನಿಜ. ಕಂಪನಿ ಬಾಕ್ಸ್ ಪಕ್ಕದಲ್ಲಿ ಖಾಲಿ ಡಬ್ಬಿ ಥರ ಒಂದು ಇರುತ್ತದೆ, ರೆಸೋನೇಟರ್. ಗಾಳಿ ಎಳೆಯುವ ಸದ್ದನ್ನು ಅಡಗಿಸೋದು ಅದರ ಕೆಲಸ. ಅದು ಹೋದರೆ ಸದ್ದು ಹೊರಗೆ ಬರುತ್ತದೆ. ಸದ್ದು ಬಂತು ಅಂದರೆ ಪವರ್ ಬಂತು ಅಂತ ಅನ್ನಿಸುತ್ತದೆ. ಅಂಗಡಿಗೆ ಬರುವ ಹುಡುಗರಿಗೆ ನಾನು ಹೇಳೋದು ಇಷ್ಟೇ: ಮೊದಲು ಬಾನೆಟ್ ಎತ್ತಿ ಈಗ ಇರೋದನ್ನು ನೋಡಿ, ಆಮೇಲೆ ಹೊಸದರ ಮಾತು.

ಮೂಡಿಗೆರೆಯವರೇ, ನೀವು ಈಗ ಹಾಕಿರುವ ಫಿಲ್ಟರ್ ಯಾವಾಗಿನದು? ಬಾಕ್ಸ್ ಮುಚ್ಚಳದ ಕ್ಲಿಪ್ ಎಲ್ಲಾ ಇವೆಯಾ? ಬಾಕ್ಸ್‌ಗೆ ಗಾಳಿ ಬರುವ ಮೂತಿ, ಅದೇ ಸ್ನಾರ್ಕಲ್, ಎಲ್ಲಿಂದ ಶುರುವಾಗುತ್ತದೆ? ಕೈ ಹಾಕಿ ನೋಡಿ ಹೇಳಿ.

ಮೂಡಿಗೆರೆ_ಸ್ವಿಫ್ಟ್
ಫಿಲ್ಟರ್ ಹೋದ ಸರ್ವಿಸ್‌ನಲ್ಲಿ ಗಾಳಿ ಹೊಡೆದು ವಾಪಸ್ ಹಾಕಿದರು. ಮಿಕ್ಕಿದ್ದು ನಾಳೆ ಬೆಳಿಗ್ಗೆ ನೋಡುತ್ತೇನೆ ಅಣ್ಣ.

ಹೇಮಾವತಿ_ತೀರ
ನಾನು ಹಾಸನದಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳು. ಈ ಪ್ರಶ್ನೆ ವಿದ್ಯಾರ್ಥಿಗಳಿಂದ ವರ್ಷವೂ ಬರುತ್ತದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಇಂಜಿನ್ 1197 ಸಿಸಿ. ನಾಲ್ಕು ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಅಷ್ಟು ಗಾಳಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ ಪೂರ್ತಿ ತುಂಬಿದರೆ ನಿಮಿಷಕ್ಕೆ ಸುಮಾರು 3600 ಲೀಟರ್. ಸಿಲಿಂಡರ್ ಯಾವತ್ತೂ ಪೂರ್ತಿ ತುಂಬಲ್ಲ, 85 ಶೇಕಡಾ ಅಂತ ಹಿಡಿಯಿರಿ. 3000 ಲೀಟರ್ ಚಿಲ್ಲರೆ ಆಯ್ತು. ಎರಡೂವರೆ ಇಂಚಿನ ಪೈಪಿನಲ್ಲಿ ಇಷ್ಟು ಗಾಳಿ ಹೋಗಬೇಕಾದರೆ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಇದು ಜಾಸ್ತಿ ಏನಲ್ಲ. ಇದಕ್ಕಿಂತ ದಪ್ಪ ಪೈಪ್ ಹಾಕಿದರೆ ನೋಡೋಕೆ ಚೆಂದ, ಇಂಜಿನ್‌ಗೆ ಗೊತ್ತಾಗುವ ಲಾಭ ಇಲ್ಲ. ಸಣ್ಣ ಪೆಟ್ರೋಲ್ ಇಂಜಿನ್‌ಗೆ ಪೈಪು ಥ್ರಾಟಲ್ ಬಾಡಿಯ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಕವಾಟ) ಬಾಯಿಗೆ ಸಮ ಇದ್ದರೆ ಸಾಕು.

ಈಗ ನಮ್ಮ ಊರಿನ ವಿಷಯ. ಹಾಸನ, ಮೂಡಿಗೆರೆ ಎರಡೂ ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೆ ಹತ್ತಿರ, ಚಿಕ್ಕಮಗಳೂರು ಇನ್ನೂ ಸ್ವಲ್ಪ ಮೇಲೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರ ಹತ್ತಿರ 10 ಶೇಕಡಾ ಕಡಿಮೆ. ಮುಳ್ಳಯ್ಯನಗಿರಿ ತುದಿ 1930 ಮೀಟರ್, ಅಲ್ಲಿ 20 ಶೇಕಡಾ ಕಡಿಮೆ. ಟರ್ಬೊ ಇಲ್ಲದ ಇಂಜಿನ್‌ನ ಪವರ್ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಬೀಳುತ್ತದೆ. ಉಜಿರೆಯಲ್ಲಿ ಇದ್ದ ಎಳೆತ ಕೊಟ್ಟಿಗೆಹಾರದಲ್ಲಿ ಇರಲ್ಲ. ಇದನ್ನು ಯಾವ ಫಿಲ್ಟರೂ ವಾಪಸ್ ಕೊಡಲ್ಲ.

ಇನ್ನು ಬಿಸಿ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 10 ಡಿಗ್ರಿ ಏರಿದರೆ 3 ಶೇಕಡಾ ಚಿಲ್ಲರೆ ಸಾಂದ್ರತೆ ಹೋಗುತ್ತದೆ. ಬಾನೆಟ್ ಒಳಗೆ ನಿಧಾನವಾಗಿ ಘಾಟಿ ಹತ್ತುವಾಗ 60 ಡಿಗ್ರಿ ಸುಲಭವಾಗಿ ಆಗುತ್ತದೆ. ಹೊರಗೆ 28 ಇದ್ದು, ಕೋನ್ ಫಿಲ್ಟರ್ ಆ 60 ಡಿಗ್ರಿ ಗಾಳಿ ಎಳೆದರೆ 10 ಶೇಕಡಾ ಸಾಂದ್ರತೆ ಕೈಬಿಟ್ಟ ಹಾಗೆ. ಕಂಪನಿ ಬಾಕ್ಸ್ ಮುಚ್ಚಿಕೊಂಡು, ಮೂತಿ ಗ್ರಿಲ್ ಕಡೆ ಇಟ್ಟುಕೊಂಡಿರೋದು ಇದಕ್ಕೇ. ಕೋಲ್ಡ್ ಏರ್ ಇಂಟೇಕ್ ಅಂತ ಮಾರುವುದರ ಮುಖ್ಯ ಕೆಲಸ ನಿಮ್ಮ ಗಾಡಿಯಲ್ಲಿ ಆಗಲೇ ಇದೆ.

ಕೈಮರ_ತಿರುವು
ಮೇಡಂ, ಲೆಕ್ಕ ಒಪ್ಪುತ್ತೇನೆ. ಆದರೆ ಕಂಪನಿಯವರು ಸದ್ದು ಕಡಿಮೆ ಮಾಡೋಕೆ, ಖರ್ಚು ಉಳಿಸೋಕೆ ಬಾಕ್ಸ್‌ನಲ್ಲಿ ಗಾಳಿ ಕಟ್ಟಿಹಾಕಿರುತ್ತಾರೆ ಅಲ್ವಾ? ಅದನ್ನು ಬಿಡಿಸಿದರೆ ಸ್ವಲ್ಪನಾದರೂ ಸಿಗಲೇಬೇಕು.

ಹೇಮಾವತಿ_ತೀರ
ಒಳ್ಳೆ ಪ್ರಶ್ನೆ. ಅದನ್ನು ವಾದ ಮಾಡಿ ತೀರ್ಮಾನ ಮಾಡಬೇಕಾಗಿಲ್ಲ, ಅಳೆಯಬಹುದು. ಖರ್ಚು ನೂರು ರೂಪಾಯಿ ಒಳಗೆ.

ಗಾರೆ ಕೆಲಸದವರು ಮಟ್ಟ ನೋಡೋಕೆ ಇಟ್ಟುಕೊಂಡಿರುವ ಲೆವೆಲ್ ಪೈಪು ಗೊತ್ತಲ್ಲ, ನೀರು ಕಾಣುವ ಪಾರದರ್ಶಕ ಟ್ಯೂಬು. ಅದೇ ಥರದ್ದು ಮೂರು ಮೀಟರ್ ತಗೊಳ್ಳಿ. ಮೀಟರ್ ಉದ್ದದ ರೀಪರ್ ಪಟ್ಟಿಗೆ ಯು ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ಪಕ್ಕದಲ್ಲಿ ಒಂದು ಟೇಪು ಅಂಟಿಸಿ. ನೀರಿಗೆ ಎರಡು ಹನಿ ಇಂಕು ಹಾಕಿದರೆ ಚೆನ್ನಾಗಿ ಕಾಣುತ್ತದೆ. ಫಿಲ್ಟರ್ ಆದ ಮೇಲಿನ ಪೈಪಿಗೆ ಇಂಜಿನ್ ಬ್ರೀದರ್ ಹೋಸ್ (ಇಂಜಿನ್ ಉಸಿರಾಡುವ ಸಣ್ಣ ರಬ್ಬರ್ ಪೈಪು) ಸೇರುವ ಸಣ್ಣ ಬಾಯಿ ಇರುತ್ತದೆ. ಪರೀಕ್ಷೆ ಮಾಡುವಷ್ಟು ಹೊತ್ತು ಹೋಸ್ ತೆಗೆದು, ಆ ಬಾಯಿಗೆ ತೂತು ಕೊರೆದ ರಬ್ಬರ್ ಬಿರಡೆ ಹಾಕಿ, ಅದರಲ್ಲಿ ಟ್ಯೂಬಿನ ಒಂದು ತುದಿ ತೂರಿಸಿ. ಇನ್ನೊಂದು ತುದಿ ತೆರೆದಿರಲಿ. ಕಿಟಕಿಯಿಂದ ಒಳಗೆ ತಂದು ಪಕ್ಕದ ಸೀಟಿನವರ ಕೈಗೆ ಕೊಡಿ. ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ ಎರಡನೇ ಗೇರ್, ಪೂರ್ತಿ ಆಕ್ಸಿಲರೇಟರ್, 6000ದ ಹತ್ತಿರ. ಆಗ ಎರಡೂ ಕಡೆ ನೀರಿನ ಮಟ್ಟಕ್ಕೆ ಎಷ್ಟು ಅಂತರ ಬರುತ್ತದೆ ಅಂತ ಅವರು ಓದಬೇಕು. ಓಡಿಸುವವರು ನೋಡಬಾರದು. ಘಾಟಿಯಲ್ಲಿ ಖಂಡಿತ ಬೇಡ.

ನಮ್ಮ ಎತ್ತರದಲ್ಲಿ ಗಾಳಿಯ ಪೂರ್ತಿ ಒತ್ತಡ ಅಂದರೆ ಸುಮಾರು 920 ಸೆಂಟಿಮೀಟರ್ ನೀರು. ನಿಮ್ಮ ಟ್ಯೂಬಿನಲ್ಲಿ 20 ಸೆಂಟಿಮೀಟರ್ ಅಂತರ ಬಂತು ಅಂದುಕೊಳ್ಳಿ. ಅದು 2 ಶೇಕಡಾ ಚಿಲ್ಲರೆ. ಅಂದರೆ ಜಗತ್ತಿನ ಅತಿ ಒಳ್ಳೆ ಇಂಟೇಕ್, ಒಂದಿಷ್ಟೂ ತಡೆ ಇಲ್ಲದ್ದು ಹಾಕಿದರೂ ಸಿಗುವ ಗರಿಷ್ಠ ಲಾಭ ಅಷ್ಟೇ. ಅದರಲ್ಲಿ ಎಷ್ಟಕ್ಕೆ ದುಡ್ಡು ಕೊಡಬೇಕು ಅಂತ ಆಮೇಲೆ ನೀವೇ ತೀರ್ಮಾನಿಸಿ.

ಇಷ್ಟು ಬೇಡ ಅನ್ನಿಸಿದರೆ ಓಬಿಡಿ ಡಾಂಗಲ್, ಅಂದರೆ ಗಾಡಿಯ ಸೆನ್ಸರ್ ಅಂಕಿಗಳನ್ನು ಮೊಬೈಲ್‌ಗೆ ಕಳಿಸುವ ಸಣ್ಣ ಸಾಧನ, ಹಾಕಿ ಎರಡು ಅಂಕಿ ನೋಡಿ. ಒಂದು ಮ್ಯಾನಿಫೋಲ್ಡ್ ಒತ್ತಡ, ಅಂದರೆ ಥ್ರಾಟಲ್ ದಾಟಿ ಸಿಲಿಂಡರ್‌ಗೆ ಹೋಗುವ ಗಾಳಿಯ ಒತ್ತಡ. ಇಂಜಿನ್ ಶುರು ಮಾಡದೆ ಬರೀ ಕೀ ಆನ್ ಮಾಡಿದರೆ ಅದು ಊರಿನ ಒತ್ತಡ ತೋರಿಸುತ್ತದೆ, ನಮ್ಮಲ್ಲಿ 90 ಕಿಲೋಪಾಸ್ಕಲ್ ಆಸುಪಾಸು. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಅದು ಎಷ್ಟಕ್ಕೆ ಇಳಿಯುತ್ತದೆ ನೋಡಿ. ಇನ್ನೊಂದು ಒಳಗೆ ಹೋಗುವ ಗಾಳಿಯ ತಾಪ. ಘಾಟಿಗೆ ಇದೇ ಮುಖ್ಯ.

ಅರಸೀಕೆರೆ_ಧೂಳು
ಒಂದು ಮಾತು ಸೇರಿಸುತ್ತೇನೆ. ಪವರ್ ಲೆಕ್ಕದಲ್ಲಿ ಎಲ್ಲರೂ ಫಿಲ್ಟರ್ ಯಾಕಿದೆ ಅನ್ನೋದನ್ನೇ ಮರೆಯುತ್ತಾರೆ. ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಅಂತ ಒಂದು ಮಾನದಂಡ ಇದೆ. ಒಳ್ಳೆ ಕಂಪನಿಯ ಕಾಗದದ ಫಿಲ್ಟರ್ 99 ಶೇಕಡಾಕ್ಕಿಂತ ಜಾಸ್ತಿ ಧೂಳು ಹಿಡಿಯುತ್ತದೆ. ಎಣ್ಣೆ ಹಚ್ಚಿದ ಹತ್ತಿ ಫಿಲ್ಟರ್ 97 ಹಿಡಿಯಿತು ಅನ್ನಿ. ಕೇಳೋಕೆ ಎರಡೇ ಅಂಕಿ ವ್ಯತ್ಯಾಸ. ಒಳಗೆ ಹೋಗೋ ಧೂಳು ನೋಡಿ: ಅಲ್ಲಿ ನೂರಕ್ಕೆ ಒಂದು, ಇಲ್ಲಿ ಮೂರು. ಮೂರು ಪಟ್ಟು. ನಮ್ಮ ಕಡೆ ಬೇಸಿಗೆಯ ಧೂಳಲ್ಲಿ, ಅಥವಾ ಕಾಫಿ ಕೊಯ್ಲಿನ ಕಾಲಕ್ಕೆ ತೋಟದ ಮಣ್ಣು ದಾರಿಯಲ್ಲಿ ಪಿಕಪ್ ವ್ಯಾನ್ ಹಿಂದೆ ಹೋಗುವಾಗ ಇದು ಸಣ್ಣ ವಿಷಯ ಅಲ್ಲ. ಆ ಮಣ್ಣು ಪಿಸ್ಟನ್ ರಿಂಗ್, ಸಿಲಿಂಡರ್ ಗೋಡೆ ತಿನ್ನುತ್ತದೆ.

ಯಾವ ಫಿಲ್ಟರ್ ಹಾಕಿದರೂ ಹೀಗೆ ನೋಡಿ. ಫಿಲ್ಟರ್ ಆದ ಮೇಲಿನ ಪೈಪಿನ ಒಳಗೋಡೆಗೆ ಬೆರಳಲ್ಲಿ ತೆಳ್ಳಗೆ ಗ್ರೀಸ್ ಸವರಿ. ಸ್ವಲ್ಪ ದಿನ ಬಿಟ್ಟು ಪೈಪ್ ಬಿಚ್ಚಿ ಅದೇ ಜಾಗವನ್ನು ಎರಡು ಬೆರಳಲ್ಲಿ ಉಜ್ಜಿ. ನುಣ್ಣಗೆ ಜಾರಿದರೆ ಸರಿ. ರವೆ ರವೆ ಸಿಕ್ಕರೆ ಆ ಫಿಲ್ಟರ್ ಅಥವಾ ಅದರ ಸೀಲು ಸರಿ ಇಲ್ಲ.

ಬಿಎಂ_ರಸ್ತೆ_ಮೆಕ್ಯಾನಿಕ್
ಸರಿಯಾಗಿ ಹೇಳಿದ್ರಿ. ಕಾಗದದ ಫಿಲ್ಟರ್‌ಗೆ ಜೋರಾಗಿ ಗಾಳಿ ಹೊಡೆಯಬೇಡಿ ಅನ್ನೋದೂ ಇದಕ್ಕೇ. ಹತ್ತಿರದಿಂದ ಹೊಡೆದರೆ ಕಾಗದ ಸೀಳುತ್ತದೆ, ಕಣ್ಣಿಗೆ ಕಾಣಲ್ಲ. ಮುನ್ನೂರು ರೂಪಾಯಿ ಆಸುಪಾಸಿನ ವಸ್ತು, ಬದಲಾಯಿಸಿಬಿಡಿ.

ಹೊಳೆನರಸೀಪುರ_ಹುಡುಗ
ಫಿಲ್ಟರ್ ಬದಲಾಯಿಸಿದರೆ ಮೈಲೇಜ್ ಜಾಸ್ತಿ ಆಗತ್ತಾ?

ಹೇಮಾವತಿ_ತೀರ
ಇಲ್ಲ. ಈಗಿನ ಇಂಜೆಕ್ಷನ್ ಪೆಟ್ರೋಲ್ ಗಾಡಿಗಳಲ್ಲಿ ಗಾಳಿ ಕಡಿಮೆ ಬಂದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದಲ್ಲಿ. ಸಾಮಾನ್ಯ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಆ ಲೆಕ್ಕ ಕಾಯುತ್ತದೆ. ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿಯವರು 2009ರಲ್ಲಿ ಬೇಕಂತಲೇ ಫಿಲ್ಟರ್ ಕಟ್ಟಿಸಿ ನೋಡಿದರು. ಇಂಜೆಕ್ಷನ್ ಗಾಡಿಗಳಲ್ಲಿ ಮೈಲೇಜ್ ಬೀಳಲಿಲ್ಲ, ಪಿಕಪ್ ಬಿತ್ತು.

ತೋಟದ_ಜೀಪು
ನಾನು ಬಾಳೆಹೊನ್ನೂರು ಕಡೆಯವ. ಇಂಟೇಕ್ ಪೈಪನ್ನು ಬಂಪರ್ ಕೆಳಗೆ ಇಳಿಸಿ, ಅಲ್ಲಿ ತಂಪು ಗಾಳಿ ಸಿಗುತ್ತದೆ ಅಂತ ಮಾಡಿಸುವವರಿದ್ದಾರೆ. ಮಲೆನಾಡಿನಲ್ಲಿ ಇದು ಬೇಡವೇ ಬೇಡ ಮಾರಾಯ್ರೆ. ಜುಲೈನಲ್ಲಿ ನಮ್ಮ ಮೋರಿಗಳ ಮೇಲೆ ನೀರು ಹೇಗೆ ಹರಿಯುತ್ತದೆ ನಿಮಗೇ ಗೊತ್ತು. ಎದುರಿಂದ ಬಸ್ ಬಂದು ಎರಚಿದರೂ ಸಾಕು. ನೀರು ಸಿಲಿಂಡರ್ ಒಳಗೆ ಹೋದರೆ ಪಿಸ್ಟನ್ ಅದನ್ನು ಅದುಮೋಕಾಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಂಜಿನ್ ಕೆಲಸ ಪೂರ್ತಿ. ಮಾಮೂಲಿ ಇನ್ಶೂರೆನ್ಸ್‌ನಲ್ಲಿ ಇದಕ್ಕೆ ದುಡ್ಡು ಸಿಗೋದು ಕಷ್ಟ, ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ತಗೊಂಡಿರಬೇಕು.

ಇನ್ನೊಂದು. ತೊಳೆಯುವ ಫಿಲ್ಟರ್ ತಗೊಳ್ಳುವವರು ಮಳೆಗಾಲದ ಯೋಚನೆ ಮಾಡಿ. ತೊಳೆದ ಮೇಲೆ ನೆರಳಲ್ಲಿ ತಾನಾಗಿ ಒಣಗಬೇಕು, ಆಮೇಲೆ ಎಣ್ಣೆ. ನಮ್ಮಲ್ಲಿ ಆ ಮೂರು ತಿಂಗಳು ಬಟ್ಟೆಯೇ ಒಣಗಲ್ಲ. ಒಲೆ ಮೇಲೆ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿದರೆ ಹತ್ತಿ, ಅಂಚಿನ ರಬ್ಬರ್ ಎರಡೂ ಹಾಳು. ತೊಳೆಯೋದಾದರೆ ಮೇ ತಿಂಗಳಲ್ಲೇ ಮುಗಿಸಿ. ಅಥವಾ ಒಣಗುವವರೆಗೆ ಹಾಕೋಕೆ ಒಂದು ಕಾಗದದ್ದು ಇಟ್ಟುಕೊಳ್ಳಿ.

ಹೊಳೆನರಸೀಪುರ_ಹುಡುಗ
ಕೋನ್ ಹಾಕಿದರೆ ಪೊಲೀಸ್ ಹಿಡಿಯುತ್ತಾರಾ?

ಬೇಲೂರು_ಬೈಪಾಸ್
ಕಾನೂನು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯನ್ನು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗಿ ಬದಲಾಯಿಸಬಾರದು ಅನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ(4) ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ರಸ್ತೆಯಲ್ಲಿ ಬಾನೆಟ್ ಎತ್ತಿಸಿ ನೋಡುವುದು ಅಪರೂಪ. ತಕರಾರು ಬರೋದು ಇನ್ಶೂರೆನ್ಸ್ ಕ್ಲೇಮ್ ಸಮಯಕ್ಕೆ, ಸರ್ವೇಯರ್ ಬಂದಾಗ. ವಾರಂಟಿ ಇರುವ ಗಾಡಿಯಾದರೆ ಶೋರೂಮ್‌ನಲ್ಲೂ ಮಾತು ಬರುತ್ತದೆ. ಕಂಪನಿ ಬಾಕ್ಸ್‌ನಲ್ಲೇ ಕೂರುವ ಪ್ಯಾನೆಲ್ ಫಿಲ್ಟರ್‌ಗೆ ಯಾರೂ ತಗಾದೆ ತೆಗೆದಿದ್ದು ನಾನು ನೋಡಿಲ್ಲ.

ಮೂಡಿಗೆರೆ_ಸ್ವಿಫ್ಟ್
ಬಾನೆಟ್ ಎತ್ತಿ ನೋಡಿದೆ. ಬಿಎಂ ರಸ್ತೆ ಅಣ್ಣ ಕೇಳಿದ್ದು ಸರಿಯಾಗೇ ಇತ್ತು. ಸ್ನಾರ್ಕಲ್ ಇಲ್ಲವೇ ಇಲ್ಲ! ಬಾಕ್ಸ್‌ನ ಬಾಯಿ ಸುಮ್ನೆ ಇಂಜಿನ್ ಕಡೆ ತೆರೆದುಕೊಂಡಿದೆ. ಹಿಂದಿನ ಮಾಲೀಕರಿಗೆ ಫೋನ್ ಮಾಡಿದೆ. ಮುಂದೆ ಗುದ್ದಿಸಿ ಬಂಪರ್, ಗ್ರಿಲ್ ಕೆಲಸ ಮಾಡಿಸಿದ್ದರಂತೆ, ಆಗ ಗ್ಯಾರೇಜಿನವರು ವಾಪಸ್ ಹಾಕಿಲ್ಲ ಅನ್ನಿಸುತ್ತದೆ. ಮುಚ್ಚಳದ ಒಂದು ಕ್ಲಿಪ್ ಮುರಿದಿದೆ, ಆ ಮೂಲೆಯಲ್ಲಿ ಫಿಲ್ಟರಿನ ರಬ್ಬರ್ ಅಂಚಿನ ಮೇಲೆ ಕೆಂಪು ಮಣ್ಣಿನ ಗೆರೆ ಮೂಡಿದೆ. ಬೆರಳಲ್ಲಿ ಒರೆಸಿದರೆ ಬರುತ್ತದೆ.

ಸ್ನೇಹಿತರ ಡಾಂಗಲ್ ಹಾಕಿಕೊಂಡು ಘಾಟಿ ಹತ್ತಿದೆ. ಗಾಳಿಯ ತಾಪ 58 ತೋರಿಸಿತು, ಹೊರಗೆ ಜಾಕೆಟ್ ಹಾಕುವಷ್ಟು ತಂಪಿತ್ತು. ಕೀ ಆನ್ ಮಾಡಿದಾಗ ಒತ್ತಡ 90, ಪೂರ್ತಿ ಒತ್ತಿದಾಗ 87.

ಬಿಎಂ_ರಸ್ತೆ_ಮೆಕ್ಯಾನಿಕ್
ಸಿಕ್ಕಿತು ನೋಡಿ ಕಳ್ಳ. ಸ್ನಾರ್ಕಲ್ ಕಂಪನಿ ಸ್ಪೇರ್ಸ್‌ನಲ್ಲಿ ಸಿಗುತ್ತದೆ, ಚಾಸಿಸ್ ನಂಬರ್ ಕೊಟ್ಟು ಆರ್ಡರ್ ಮಾಡಿ. ಅವಸರ ಇದ್ದರೆ ಗುಜರಿಯಲ್ಲಿ ಹುಡುಕಿ, ಪ್ಲಾಸ್ಟಿಕ್ ಸಾಮಾನು ತಾನೆ. ಕ್ಲಿಪ್ ಸಿಗದಿದ್ದರೆ ಮುಚ್ಚಳಕ್ಕೆ ಸ್ಕ್ರೂ ಹೊಡೆಯಬೇಡಿ, ಬಾಕ್ಸ್ ಸೀಳುತ್ತದೆ. ಸ್ಟೀಲ್ ಕ್ಲಿಪ್ ಬೇರೆ ಗಾಡಿಯದ್ದೇ ಹೊಂದುತ್ತದೆ. ಜೊತೆಗೆ ಹೊಸ ಕಾಗದದ ಫಿಲ್ಟರ್. ಒಟ್ಟು ಖರ್ಚು ನಿಮ್ಮ ಆರು ಸಾವಿರದಲ್ಲಿ ಸಣ್ಣ ಪಾಲು.

ಹೇಮಾವತಿ_ತೀರ
ಒತ್ತಡ 3 ಕಿಲೋಪಾಸ್ಕಲ್ ಮಾತ್ರ ಇಳಿದಿದೆ, ಅದರಲ್ಲಿ ಥ್ರಾಟಲ್ ಬಾಡಿಯ ಪಾಲೂ ಸೇರಿದೆ. ಅಂದರೆ ನಿಮ್ಮ ಬಾಕ್ಸ್ ಗಾಳಿಯನ್ನು ಕಟ್ಟಿಹಾಕುತ್ತಿಲ್ಲ. ನಿಮ್ಮ ತೊಂದರೆ ತಾಪದ್ದು. 58ರಿಂದ 36ಕ್ಕೆ ಇಳಿಸಿದರೆ ಸಾಂದ್ರತೆಯಲ್ಲಿ 7 ಶೇಕಡಾ ವಾಪಸ್ ಬರುತ್ತದೆ. ಚಕ್ರಕ್ಕೆ ಪೂರ್ತಿ 7 ಸಿಗಲ್ಲ, ತಂಪು ಗಾಳಿಯೂ ಇಂಜಿನ್ ಒಳಗೆ ಹೋಗುತ್ತಾ ಸ್ವಲ್ಪ ಬಿಸಿಯಾಗುತ್ತದೆ. ಆದರೂ ಯಾವ ಕಿಟ್‌ಗಿಂತ ಜಾಸ್ತಿ. ಇನ್ನೊಂದು ಲಾಭ: ಗಾಳಿ ಬಿಸಿ ಇದ್ದಾಗ ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿದು ಇಂಜಿನ್ ಬಡಿಯೋದು) ತಪ್ಪಿಸೋಕೆ ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಕೊಡುವ ಸಮಯವನ್ನು, ತಡ ಮಾಡುತ್ತದೆ; ಅದರಿಂದ ಪವರ್ ಕಡಿಮೆಯಾಗುತ್ತದೆ. ಅದೂ ಸರಿಹೋಗುತ್ತದೆ.

ಕೈಮರ_ತಿರುವು
ಹಾಗಾದರೆ ನನ್ನದರ ಗತಿ? ಸದ್ದು ಬಿಡೋಕೆ ಮನಸ್ಸಿಲ್ಲ. ನಿನ್ನೆ ನಾನೂ ತಾಪ ನೋಡಿದೆ, ಟ್ರಾಫಿಕ್‌ನಲ್ಲಿ ನಿಂತರೆ 60 ದಾಟುತ್ತದೆ, ಓಡುವಾಗ ಇಳಿಯುತ್ತದೆ.

ಹೇಮಾವತಿ_ತೀರ
ಕೋನ್ ಇಟ್ಟುಕೊಳ್ಳೋದಾದರೆ ಅದಕ್ಕೆ ಮನೆ ಕಟ್ಟಿ. ಒಂದು ಮಿಲಿಮೀಟರ್ ಅಲ್ಯೂಮಿನಿಯಂ ಶೀಟಿನಲ್ಲಿ ಇಂಜಿನ್ ಕಡೆಗೆ ಗೋಡೆ ಮಾಡಿಸಿ. ಅಳತೆಗೆ ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ, ಸರಿ ಬಂದ ಮೇಲೆ ಶೀಟಿಗೆ ಇಳಿಸಿ. ಗೋಡೆಯ ಮೇಲಂಚಿಗೆ ಕಾರಿನ ಬಾಗಿಲಿಗೆ ಹಾಕುವ ಬೀಡಿಂಗ್ ರಬ್ಬರ್ ಹಾಕಿ, ಬಾನೆಟ್ ಮುಚ್ಚಿದಾಗ ಒತ್ತಿ ಕೂರಬೇಕು. ಗ್ರಿಲ್ ಹಿಂದಿನಿಂದ ಕಂಪನಿಯ ಮೂತಿಯನ್ನೇ ಆ ಮನೆಯೊಳಗೆ ತನ್ನಿ. ತಳದಲ್ಲಿ ನೀರು ಇಳಿದುಹೋಗಲು ತೂತು ಬಿಡಿ.

ಪೈಪ್ ಮಾಡಿಸುವವರಿಗೆ: ಪ್ಲಂಬಿಂಗ್ ಪಿವಿಸಿ ಬೇಡ. 80 ಡಿಗ್ರಿ ಹತ್ತಿರ ಅದು ಮೆತ್ತಗಾಗುತ್ತದೆ, ಕ್ಲ್ಯಾಂಪ್ ಬಿಗಿದ ಜಾಗದಲ್ಲಿ ಕುಸಿದು ಗಾಳಿ ಸೋರುತ್ತದೆ. ಅಲ್ಯೂಮಿನಿಯಂ ಪೈಪು, ಜೋಡಣೆಗೆ ಸಿಲಿಕಾನ್ ಹೋಸ್. ವೆಲ್ಡಿಂಗ್ ಆದ ಮೇಲೆ ಒಳಗಿನ ಕಿಟ್ಟ ಪೂರ್ತಿ ಉಜ್ಜಿ ತೊಳೆಯಬೇಕು, ಒಂದು ಚೂರು ಬಿಟ್ಟರೂ ನೇರ ಇಂಜಿನ್‌ಗೆ. ಬ್ರೀದರ್ ಹೋಸ್‌ಗೆ ಬಾಯಿ ಇಡಿಸಿ, ಅದನ್ನು ಹೊರಗೆ ಬಿಡಬೇಡಿ. ಗಾಳಿ ತಾಪದ ಸೆನ್ಸರ್ ಹಳೇ ಪೈಪಿನಲ್ಲಿ ಇದ್ದರೆ ಹೊಸದರಲ್ಲೂ ರಬ್ಬರ್ ಬುಷ್ ಹಾಕಿ ಅದೇ ಥರ ಕೂರಿಸಿ.

ಮೂಡಿಗೆರೆ_ಸ್ವಿಫ್ಟ್
ಸ್ನಾರ್ಕಲ್ ಬಂತು, ಹಾಕಿಸಿದೆ. ಕ್ಲಿಪ್, ಹೊಸ ಫಿಲ್ಟರ್ ಕೂಡ. ಘಾಟಿಯಲ್ಲಿ ತಾಪ 37, 38 ದಾಟಲಿಲ್ಲ. ವ್ಯತ್ಯಾಸ ಗೊತ್ತಾಗುತ್ತದೆ, ಅದರಲ್ಲೂ ತಿರುವಲ್ಲಿ ನಿಧಾನ ಮಾಡಿ ಮತ್ತೆ ಎತ್ತುವಾಗ. ನಾಲ್ಕು ಜನ ಇದ್ದರೆ ಕಡಿದಾದ ಕಡೆ ಈಗಲೂ ಎರಡನೇ ಗೇರ್ ಬೇಕು, ಆದರೆ ಮುಲುಕಲ್ಲ. ಮಿಕ್ಕ ದುಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ ಹಾಕಿಸುತ್ತೇನೆ, ಯಾವಾಗ ಬದಲಾಗಿದೆ ಅಂತ ಹಿಂದಿನವರಿಗೂ ಗೊತ್ತಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಮೇಡಂಗೆ ವಿಶೇಷವಾಗಿ.

ತೋಟದ_ಜೀಪು
ಇದೇ ಜಾಗದಲ್ಲಿ ನನ್ನದೊಂದು ಪ್ರಶ್ನೆ. ಮಗನ ಟರ್ಬೊ ಡೀಸೆಲ್ ಗಾಡಿಗೆ ಎಣ್ಣೆ ಹಚ್ಚಿದ ಫಿಲ್ಟರ್ ಹಾಕಿಸಿದ್ದಾನೆ. ಈಗ ಚೆಕ್ ಇಂಜಿನ್ ಲೈಟ್ ಉರಿಯುತ್ತಿದೆ, ಎಳೆತವೂ ಕಡಿಮೆ. ಸಂಬಂಧ ಇದೆಯಾ?

ಬಿಎಂ_ರಸ್ತೆ_ಮೆಕ್ಯಾನಿಕ್
ಇರಬಹುದು ಸರ್. ಫಿಲ್ಟರ್ ಬಾಕ್ಸ್ ಆದ ತಕ್ಷಣ ಪೈಪಿನಲ್ಲಿ ವೈರ್ ಸಾಕೆಟ್ ಇರುವ ಸೆನ್ಸರ್ ಇದ್ದರೆ ಅದು ಮಾಸ್ ಏರ್ ಫ್ಲೋ (ಎಂಎಎಫ್), ಒಳಗೆ ಹೋಗುವ ಗಾಳಿ ಅಳೆಯುವಂಥದ್ದು. ಒಳಗೆ ಕೂದಲೆಳೆಯಂಥ ಬಿಸಿ ತಂತಿ ಅಥವಾ ತೆಳು ಫಿಲ್ಮ್ ಇರುತ್ತದೆ. ಎಣ್ಣೆ ಜಾಸ್ತಿ ಹಚ್ಚಿದ್ದರೆ ಅದು ಹಾರಿ ಅದಕ್ಕೆ ಅಂಟಿ, ಗಾಳಿಯ ಲೆಕ್ಕ ತಪ್ಪುತ್ತದೆ. ಮೊದಲು ಸ್ಕ್ಯಾನರ್ ಹಾಕಿಸಿ ಯಾವ ಕೋಡ್ ಅಂತ ನೋಡಿ. ಅದೇ ಸೆನ್ಸರ್ ಆದರೆ ಬ್ಯಾಟರಿ ತಂತಿ ತೆಗೆದು, ಸೆನ್ಸರ್ ಬಿಚ್ಚಿ, ಎಂಎಎಫ್ ಕ್ಲೀನರ್ ಸ್ಪ್ರೇ ಅಂತಲೇ ಸಿಗುತ್ತದೆ, ಅದನ್ನು ಮಾತ್ರ ಹೊಡೆಯಿರಿ. ಕಾರ್ಬುರೇಟರ್ ಕ್ಲೀನರ್, ಪೆಟ್ರೋಲ್, ಬಟ್ಟೆ, ಇಯರ್ ಬಡ್ಸ್ ಯಾವುದೂ ಬೇಡ. ಪೂರ್ತಿ ಒಣಗಿದ ಮೇಲೆ ಹಾಕಿ. ಫಿಲ್ಟರ್ ಕಂಪನಿಯ ಕಾಗದದ್ದಕ್ಕೆ ಬದಲಾಯಿಸಿ ಒಂದು ವಾರ ಓಡಿಸಲಿ. ಲೈಟ್ ಮತ್ತೆ ಬಂದರೆ ಟರ್ಬೊ ಹೋಸ್ ಸೋರಿಕೆ ನೋಡಬೇಕು, ಆಗ ಗಾಡಿ ತಗೊಂಡು ಬನ್ನಿ.